ಗುರಿಯ ಅಂಕ ಯಾರದು?

ದಕ್ಷಿಣ ಕನ್ನಡದಿಂದ ಮುಂಬಯಿಗೆ ಬಂದು ನೆಲೆಸಿದ ನಮ್ಮ ಹಿರಿಯರಲ್ಲಿ ಅನೇಕರು, ವಿದ್ಯೆಯ ಮಾತು ಬಂದಾಗ, "ನಾನು ಸಿಕ್ಸ್ತ್ ಫಾರಂ ಓದಿದವನು" ಎಂದು ಸ್ವಲ್ಪ ಅಭಿಮಾನದಿಂದಲೇ ಹೇಳಿಕೊಳ್ಳುತ್ತಿದ್ದರು. ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಆ ಜಿಲ್ಲೆಯ ಹೈಸ್ಕೂಲುಗಳಲ್ಲಿ ಕೊನೆಯ ತರಗತಿಗೆ ಆ ಹೆಸರಿತ್ತು. ಧಾರವಾಡ, ಬಿಜಾಪುರಗಳ ಕಡೆಯವರು ಮುಂಬಯಿ ಪ್ರಾಂತದವರಾದ್ದರಿಂದ ಅವರದು ಮೆಟ್ರಿಕ್. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟುವವರೆಗೆ ಧಾರವಾಡದ ಕಾಲೇಜಿನಲ್ಲಿ ಓದಿದ ಹುಡುಗನೂ ಮುಂಬಯಿ ವಿಶ್ವವಿದ್ಯಾಲಯದ ಪದವಿಯನ್ನೇ ಪಡೆಯುತ್ತಿದ್ದ.

ಆ ಹಿರಿಯರ ಕಾಲದಲ್ಲಿ ಪಾಸು, ನಪಾಸು ಎಂಬ ಎರಡು ಮಾತುಗಳಿದ್ದವು. ಫಸ್ಟ್ ಕ್ಲಾಸು ಬಂದರೆ ಓಣಿಗೆಲ್ಲ ಪೇಡೆ ಹಂಚುತ್ತಿದ್ದರು. ಇಷ್ಟೇ ಅಂಕ ಬರಬೇಕು ಎಂದು ಮೊದಲೇ ಗೊತ್ತುಮಾಡಿ, ಎರಡು ವರ್ಷ ಆ ಸಂಖ್ಯೆಯನ್ನು ಮನೆಯಲ್ಲಿ ಜಪಿಸುವ ಪದ್ಧತಿ ಅವರಿಗೆ ತಿಳಿಯದು. ಈಗ ನಮ್ಮ ಮನೆಗಳಲ್ಲಿ ಹುಡುಗನೋ ಹುಡುಗಿಯೋ ಹನ್ನೊಂದನೆಯ ತರಗತಿಗೆ ಕಾಲಿಟ್ಟರೆ ಮೊದಲು ಒಳಗೆ ಬರುವುದು ಒಂದು ಸಂಖ್ಯೆ. ಪುಸ್ತಕ ಬರುವುದು ಆಮೇಲೆ. ಈ ಸಂಖ್ಯೆ ಎಲ್ಲಿಂದ ಬರುತ್ತದೆ, ಯಾರದು, ಅದರಿಂದ ಏನು ಪ್ರಯೋಜನ ಎಂಬುದನ್ನು ವಾಚಕರೊಡನೆ ಸ್ವಲ್ಪ ಬಿಚ್ಚಿ ಮಾತನಾಡಬೇಕೆಂದು ನಮಗೆ ಅನ್ನಿಸಿದೆ. ಅದಕ್ಕೆ ಕಾರಣ ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿ.

ಕಪಾಟಿನ ಮೇಲಿನ ಚೀಟಿ

ಕೆಲವು ವರ್ಷಗಳ ಹಿಂದೆ ನಮ್ಮ ಹಿರಿಯ ಮಗಳು ಹನ್ನೊಂದನೆಯ ತರಗತಿ ಸೇರಿದ ವಾರವೇ ನಾವು ಒಂದು ಕಾಗದದ ಮೇಲೆ ಕೆಂಪು ಶಾಯಿಯಲ್ಲಿ 95 ಎಂದು ದಪ್ಪಕ್ಕೆ ಬರೆದು, ಅವಳು ಓದುವ ಮೇಜಿನೆದುರಿನ ಕಪಾಟಿಗೆ ಅಂಟಿಸಿದೆವು. 95 ಏಕೆ ಎಂದು ಯಾರಾದರೂ ಕೇಳಿದ್ದರೆ ನಾವು ತಬ್ಬಿಬ್ಬಾಗುತ್ತಿದ್ದೆವು. ಹತ್ತನೆಯ ತರಗತಿಯಲ್ಲಿ ಅವಳಿಗೆ 91 ಬಂದಿತ್ತು. ಪಕ್ಕದ ಕಟ್ಟಡದ ಹುಡುಗನಿಗೆ 94. ಈಗ ಯೋಚಿಸಿದರೆ, ಅವನ ಅಂಕಕ್ಕೆ ಒಂದನ್ನು ಕೂಡಿಸಿ ನಾವು ಗುರಿಯನ್ನು ಸಿದ್ಧಮಾಡಿದ್ದೆವೆಂದು ತೋರುತ್ತದೆ.

ನವರಾತ್ರಿ ಬಂತು. ನಮ್ಮ ಮನೆಯವರು ಅಡಿಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ ಒರೆಸುತ್ತಿದ್ದರು. ಉಪ್ಪಿನಕಾಯಿಯ ಜಾಡಿಯ ಅಡಿಗೆ ನಾಲ್ಕಾಗಿ ಮಡಿಚಿದ ಒಂದು ಕಾಗದ ಸಿಕ್ಕಿತು. ಬಿಡಿಸಿ ನೋಡಿದರೆ ಭೌತಶಾಸ್ತ್ರದ ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆ: 70ಕ್ಕೆ 43.

"ಇದೇನೇ ಪುಟ್ಟಿ, ಜಾಡಿಯ ಕೆಳಗೆ ಹಾಸುವುದಕ್ಕೆ ಬೇರೆ ಕಾಗದ ಸಿಗಲಿಲ್ಲವೇ?"

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಪ್ಪನಿಗೆ ಹ್ಯಾಗಮ್ಮ ತೋರಿಸೋದು? ಕಪಾಟಿನ ಮೇಲಿರೋದು ಅಪ್ಪನ ಅಂಕ. ಇದು ನನ್ನ ಅಂಕ" ಎಂದಳು.

ನಾವು ಹೊರಗಿನ ಕೋಣೆಯಲ್ಲಿ ಪತ್ರಿಕೆ ಹಿಡಿದು ಕುಳಿತಿದ್ದೆವು. ಮಾತು ಸ್ಪಷ್ಟವಾಗಿ ಕೇಳಿಸಿತು. ನಾಲ್ಕು ತಿಂಗಳಿಂದ ನಾವು ದಿನವೂ ನೋಡುತ್ತಿದ್ದ ಆ ಚೀಟಿ ಹುಡುಗಿಗೆ ದಾರಿ ತೋರಿಸಿರಲಿಲ್ಲ, ಬಚ್ಚಿಡುವುದನ್ನು ಕಲಿಸಿತ್ತು. ಅಂಕ ಕಡಿಮೆಯಾದದ್ದಕ್ಕಿಂತ ಈ ಬಚ್ಚಿಡುವಿಕೆ ದೊಡ್ಡ ನಷ್ಟ. ಬಚ್ಚಿಟ್ಟ ತಪ್ಪನ್ನು ತಿದ್ದುವವರು ಯಾರು?

ಅಂದು ರಾತ್ರಿ ಊಟವಾದ ಮೇಲೆ ಮೂವರೂ ಆ ಉತ್ತರಪತ್ರಿಕೆಯನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತೆವು. ಹೋದ ಅಂಕ 27. ಒಂದೊಂದನ್ನೂ ವಿಚಾರಿಸಿದಾಗ ತಿಳಿದದ್ದು ಇದು: ಪಾಠವೇ ಅರ್ಥವಾಗದೆ ಹೋದವು 10, ಗೊತ್ತಿದ್ದೂ ಸಮಯ ಸಾಲದೆ ಬರೆಯದೆ ಬಿಟ್ಟವು 11, ಮಾನಗಳನ್ನು ಬರೆಯದೆ, ಕೂಡುವುದರಲ್ಲಿ ತಪ್ಪಿ, ಪ್ರಶ್ನೆಯನ್ನು ಅರ್ಧ ಓದಿ ಕಳೆದುಕೊಂಡವು 6. "ನಿನಗೆ ಭೌತಶಾಸ್ತ್ರ ಬರುವುದಿಲ್ಲ" ಎಂದು ನಾವು ಗದರಿಸಿದ್ದರೆ ಅದು ಸುಳ್ಳಾಗುತ್ತಿತ್ತು. 27ರಲ್ಲಿ 17 ಅಂಕ ಭೌತಶಾಸ್ತ್ರ ಬಾರದೆ ಹೋದದ್ದಲ್ಲ; ಗಡಿಯಾರ ನೋಡುವ ಅಭ್ಯಾಸವಿಲ್ಲದೆ, ಬರೆದದ್ದನ್ನು ಮತ್ತೊಮ್ಮೆ ಓದುವ ಅಭ್ಯಾಸವಿಲ್ಲದೆ ಹೋದದ್ದು.

ಮರುದಿನ ಚೀಟಿಯನ್ನು ಕಿತ್ತೆವು. ಮುಂದಿನ ಪರೀಕ್ಷೆಗೆ ಎಷ್ಟು ಎಂದು ಅವಳನ್ನೇ ಕೇಳಿದೆವು. ಅವಳು ಯೋಚಿಸಿ "50" ಎಂದಳು. ಬಂದದ್ದು 51.

ಮೂರು ಬೇರೆ ಬೇರೆ ಸಂಖ್ಯೆಗಳು

ಅಂದಿನಿಂದ ನಾವು ಒಂದು ಮಾತನ್ನು ನಮ್ಮ ಸಂಘದ ಮಿತ್ರರಿಗೆಲ್ಲ ಹೇಳುತ್ತ ಬಂದಿದ್ದೇವೆ. ಒಬ್ಬ ವಿದ್ಯಾರ್ಥಿಯ ಮುಂದೆ ಮೂರು ಸಂಖ್ಯೆಗಳಿರುತ್ತವೆ. ಮೊದಲನೆಯದು, ಇಂದು ಅವನು ನಿಂತಿರುವ ಮೆಟ್ಟಿಲು. ಎರಡನೆಯದು, ದುಡಿದರೆ ಅವನು ಮುಟ್ಟಬಹುದಾದ ಮುಂದಿನ ಮೆಟ್ಟಿಲು. ಮೂರನೆಯದು, ಅವನು ಸೇರಬೇಕೆಂದಿರುವ ಕಾಲೇಜಿನ ಬಾಗಿಲು ಕೇಳುವ ಸಂಖ್ಯೆ. ಈ ಮೂರನ್ನೂ ಒಂದೇ ಚೀಟಿಯಲ್ಲಿ ಕಲಸಿ, ಅದರ ಮೇಲೆ ತಂದೆತಾಯಿಗಳ ಆಸೆಯನ್ನೂ ನೆರೆಯವರ ಮಗನ ಅಂಕವನ್ನೂ ಸುರಿದರೆ ಏನಾಗುತ್ತದೆಂಬುದನ್ನು ಮೇಲೆ ಹೇಳಿದ್ದೇವೆ.

ನಮ್ಮ ಹಿರಿಯರು ಬಳಸಿದ ಸಿಕ್ಸ್ತ್ ಫಾರಂ ಎಂಬ ಹೆಸರು ಇಂಗ್ಲೆಂಡಿನಲ್ಲಿ ಇಂದಿಗೂ ಬಳಕೆಯಲ್ಲಿದೆ. ಅಲ್ಲಿ ಅದು ಶಾಲೆಯ ಕೊನೆಯ ಎರಡು ವರ್ಷಗಳ ಹೆಸರು. ಅಲ್ಲಿಯ ಶಾಲೆಗಳು ಈ ಸಂಖ್ಯೆಗಳನ್ನು ಸಾಮಾನ್ಯವಾಗಿ ಬೇರೆಬೇರೆಯಾಗಿಯೇ ಇಡುತ್ತವೆ. ಹಿಂದಿನ ಪರೀಕ್ಷೆಯ ಫಲವನ್ನು ನೋಡಿ ಗುರಿಯ ದರ್ಜೆಯೊಂದನ್ನು ಗೊತ್ತುಮಾಡುತ್ತಾರೆ. ವಿಶ್ವವಿದ್ಯಾಲಯಕ್ಕೆ ಅರ್ಜಿ ಹೋಗುವಾಗ, ಈ ವಿದ್ಯಾರ್ಥಿಗೆ ಎಷ್ಟು ಬರಬಹುದೆಂಬ ತಮ್ಮ ಅಂದಾಜನ್ನು ಶಿಕ್ಷಕರು ಬರೆದು ಕಳಿಸುತ್ತಾರೆ. ಇಷ್ಟು ಬಂದರೆ ಸೇರಿಸಿಕೊಳ್ಳುತ್ತೇವೆಂದು ವಿಶ್ವವಿದ್ಯಾಲಯ ತನ್ನ ಷರತ್ತನ್ನು ಹೇಳುತ್ತದೆ. ಒಬ್ಬ ವಿದ್ಯಾರ್ಥಿ ಐದು ಕಡೆಯವರೆಗೆ ಅರ್ಜಿ ಹಾಕಬಹುದು. ಕೊನೆಗೆ ಒಂದನ್ನು ಮೊದಲ ಆಯ್ಕೆಯೆಂದೂ, ಅದು ತಪ್ಪಿದರೆ ಇರಲೆಂದು ಸ್ವಲ್ಪ ಕಡಿಮೆ ಅಂಕ ಕೇಳುವ ಇನ್ನೊಂದನ್ನೂ ಕೈಯಲ್ಲಿಟ್ಟುಕೊಳ್ಳುತ್ತಾನೆ.

ಈ ಪದ್ಧತಿಯೂ ದೋಷರಹಿತವಲ್ಲ. 2020ರಲ್ಲಿ ಕೋವಿಡ್ ಕಾರಣ ಅಲ್ಲಿ ಪರೀಕ್ಷೆಗಳು ನಿಂತುಹೋದಾಗ ಶಿಕ್ಷಕರ ಅಂದಾಜುಗಳನ್ನು ಒಂದು ಗಣಿತ ಸೂತ್ರದಲ್ಲಿ ಹಾಯಿಸಿ ದರ್ಜೆ ಕೊಟ್ಟರು. ನೂರರಲ್ಲಿ ಸುಮಾರು 39 ದರ್ಜೆಗಳು ಶಿಕ್ಷಕರು ಹೇಳಿದ್ದಕ್ಕಿಂತ ಕೆಳಗಿಳಿದವು. ಮಕ್ಕಳು ಬೀದಿಗಿಳಿದರು. ಫಲಿತಾಂಶ ಬಂದ ನಾಲ್ಕೇ ದಿನಗಳಲ್ಲಿ, ಆಗಸ್ಟ್ 17ರಂದು, ಸರ್ಕಾರ ಆ ಸೂತ್ರವನ್ನು ಕೈಬಿಟ್ಟಿತು. ಅಂದಾಜು ಎಷ್ಟೇ ಜಾಣತನದ್ದಾಗಿರಲಿ, ಅದು ಮಗುವಲ್ಲ ಎಂಬ ಪಾಠ ಇದರಲ್ಲಿದೆ. ಆದರೂ ಗುರಿ ಬೇರೆ, ಅಂದಾಜು ಬೇರೆ, ಬಾಗಿಲಿನ ಬೇಡಿಕೆ ಬೇರೆ ಎಂದು ತಿಳಿದು ನಡೆಯುವ ಕ್ರಮ ನಮ್ಮ ಮನೆಗಳಿಗೂ ಒಪ್ಪುವಂಥದು.

ಮುಂದಿನ ಮೆಟ್ಟಿಲನ್ನು ಗೊತ್ತುಮಾಡುವುದು ಕಷ್ಟವಲ್ಲ. ಒಂದು ನೋಟುಪುಸ್ತಕ ಸಾಕು. ವಿಷಯಕ್ಕೊಂದು ಪುಟ; ಪುಟಕ್ಕೆ ನಾಲ್ಕು ಮನೆ: ಬಂದ ಅಂಕ, ತಿಳಿಯದೆ ಹೋದದ್ದು, ಸಮಯ ಸಾಲದೆ ಹೋದದ್ದು, ಅಜಾಗ್ರತೆಯಿಂದ ಹೋದದ್ದು. ಮುಂದಿನ ಪರೀಕ್ಷೆಗೆ ಕೊನೆಯ ಎರಡು ಮನೆಗಳಿಂದ ಎಷ್ಟನ್ನು ಮರಳಿ ತರಬಹುದು, ಮೊದಲನೆಯದರಿಂದ ಎಷ್ಟು ಎಂದು ಮಗುವೇ ಲೆಕ್ಕ ಹಾಕಲಿ. ಆರು ವಾರಗಳಿಗೊಮ್ಮೆ ಅದನ್ನು ತೆರೆದು ನೋಡಿದರೆ ಸಾಕು. ದಿನವೂ ನೋಡಿದರೆ ಗಿಡ ಬೇರೂರಿತೇ ಎಂದು ಕಿತ್ತು ನೋಡಿದಂತಾದೀತು. ಸಮಯ ಸಾಲದವನಿಗೆ ಹೊಸ ಪುಸ್ತಕ ತಂದುಕೊಡುವುದು ಹಸಿದವನಿಗೆ ಪಂಚಾಂಗ ಓದಿದಂತೆ. ಅವನು ಹಿಂದಿನ ವರ್ಷದ ಪ್ರಶ್ನಪತ್ರಿಕೆಯೊಂದನ್ನು ಮುಂದಿಟ್ಟುಕೊಂಡು, ಗಡಿಯಾರ ಇಟ್ಟು, ಪೂರ್ತಿ ಮೂರು ಗಂಟೆ ಕುಳಿತು ಬರೆಯಬೇಕು. ಹಾಗೆ ಬರೆಯುವಾಗ ಮನೆಯಲ್ಲಿ ಟೆಲಿವಿಷನ್ ಮುಚ್ಚಿರಬೇಕಾದದ್ದು ತಂದೆತಾಯಿಗಳ ಪಾಲಿನ ಪರೀಕ್ಷೆ.

ಬಾಗಿಲು ಕೇಳುವುದೇನು?

ಇನ್ನು ಮೂರನೆಯ ಸಂಖ್ಯೆ. ನಮ್ಮಲ್ಲಿ ಹೆಚ್ಚಿನ ತಪ್ಪು ನಡೆಯುವುದು ಇಲ್ಲಿಯೇ. ಎಲ್ಲ ಬಾಗಿಲುಗಳೂ ಒಂದೇ ಅಂಕವನ್ನು ಕೇಳುತ್ತವೆಂದು ನಾವು ಎಣಿಸುತ್ತೇವೆ. ಹಾಗಿಲ್ಲ.

ದೆಹಲಿಯ ಮಿತ್ರರಿಗೆ ನೆನಪಿರಬಹುದು: 2021ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಕೆಲವು ಕಾಲೇಜುಗಳು ಕೆಲವು ವಿಷಯಗಳಿಗೆ ನೂರಕ್ಕೆ ನೂರು ಕೇಳಿದ್ದವು. 2022ರಿಂದ ಅಲ್ಲಿ ಸಿಯುಇಟಿ ಎಂಬ ಕೇಂದ್ರೀಯ ಪ್ರವೇಶಪರೀಕ್ಷೆಯ ಅಂಕವೇ ಮುಖ್ಯ. ಇಬ್ಬರು ಸಮನಾದಾಗ ಹನ್ನೆರಡನೆಯ ತರಗತಿಯ ಅಂಕವನ್ನು ನೋಡುತ್ತಾರೆ. ಚೆನ್ನೈಯಲ್ಲಿ ಇದಕ್ಕೆ ನೇರ ವಿರುದ್ಧ. ತಮಿಳುನಾಡು 2007ರಿಂದ ಇಂಜಿನಿಯರಿಂಗಿಗೆ ಪ್ರವೇಶಪರೀಕ್ಷೆಯನ್ನೇ ತೆಗೆದುಹಾಕಿದೆ. ಹನ್ನೆರಡನೆಯ ತರಗತಿಯ ಗಣಿತದಿಂದ 100, ಭೌತ ಮತ್ತು ರಸಾಯನಶಾಸ್ತ್ರಗಳಿಂದ ತಲಾ 50, ಒಟ್ಟು 200ಕ್ಕೆ ಲೆಕ್ಕ. ಅಲ್ಲಿ ಬೋರ್ಡ್ ಪರೀಕ್ಷೆಯ ಒಂದೊಂದು ಅಂಕವೂ ಚಿನ್ನ.

ಮಹಾರಾಷ್ಟ್ರದಲ್ಲಿ ಇಂಜಿನಿಯರಿಂಗಿಗೆ ರಾಜ್ಯದ ಸಿಇಟಿಯನ್ನು ನೋಡುತ್ತಾರೆ. ಅದರಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹನ್ನೊಂದನೆಯ ತರಗತಿಯ ಪಾಠಕ್ಕೆ ನೂರಕ್ಕೆ 20, ಹನ್ನೆರಡನೆಯದಕ್ಕೆ 80 ಪಾಲು. ಆದರೆ ಮುಂಬಯಿಯ ಅನೇಕ ಕಾಲೇಜುಗಳಲ್ಲಿ ಕಲಾ, ವಾಣಿಜ್ಯ, ವಿಜ್ಞಾನ ಪದವಿಗಳಿಗೆ ಹನ್ನೆರಡನೆಯ ತರಗತಿಯ ಅಂಕಗಳ ಮೇಲೆಯೇ ಪಟ್ಟಿ ಹೊರಡುತ್ತದೆ. ಕರ್ನಾಟಕದ ಸಿಇಟಿಯಲ್ಲಿ ಇಂಜಿನಿಯರಿಂಗಿನ ರ‍್ಯಾಂಕಿಗೆ ಅರ್ಧ ಪಾಲು ಹನ್ನೆರಡನೆಯ ತರಗತಿಯ ಅಂಕ, ಇನ್ನರ್ಧ ಸಿಇಟಿಯದು. ವೈದ್ಯವಿದ್ಯೆಗೆ ದೇಶಕ್ಕೆಲ್ಲ ನೀಟ್ ಒಂದೇ. ಜೆಇಇ ಮೇನ್ ಮೂಲಕ ಎನ್.ಐ.ಟಿ. ಸೇರುವವನಿಗೆ ಬೋರ್ಡಿನಲ್ಲಿ 75 ಬಂದಿರಬೇಕು, ಅಥವಾ ತನ್ನ ಬೋರ್ಡಿನ ಮೇಲಿನ 20 ಪರ್ಸೆಂಟೈಲಿನೊಳಗೆ ಇರಬೇಕು. ಪರಿಶಿಷ್ಟರಿಗೆ ಈ 75ರ ಬದಲು 65. ಆ ಹೊಸ್ತಿಲನ್ನು ದಾಟಿದ ಮೇಲೆ 76 ಬಂದವನಿಗೂ 96 ಬಂದವನಿಗೂ ಅಲ್ಲಿ ಭೇದವಿಲ್ಲ. ರ‍್ಯಾಂಕು ಮಾತ್ರ ಮಾತನಾಡುತ್ತದೆ.

ಎನ್.ಐ.ಟಿ.ಯ ಆಸೆಯಿಂದ ಕಪಾಟಿನ ಮೇಲೆ 95 ಬರೆದ ನಮ್ಮ ಅಜ್ಞಾನ ಈಗ ವಾಚಕರಿಗೆ ತಿಳಿದಿರಬೇಕು. ಆ ಬಾಗಿಲು ನಮ್ಮ 95ನ್ನು ಕೇಳಿಯೇ ಇರಲಿಲ್ಲ.

ಮತ್ತೊಂದು ಎಚ್ಚರಿಕೆ: ನೂರಕ್ಕೆ 95 ಅಂಕ ಬೇರೆ, 95 ಪರ್ಸೆಂಟೈಲ್ ಬೇರೆ. ಎರಡನೆಯದಕ್ಕೆ ಅರ್ಥ, ಬರೆದ ನೂರು ಮಂದಿಯಲ್ಲಿ 95 ಮಂದಿ ನಮ್ಮ ಸಮಕ್ಕೆ ಅಥವಾ ಕೆಳಗೆ ಇದ್ದಾರೆಂದು. 15 ಲಕ್ಷ ಮಂದಿ ಬರೆದ ಪರೀಕ್ಷೆಯಲ್ಲಿ 95 ಪರ್ಸೆಂಟೈಲ್ ಬಂದರೆ ಮುಂದೆ ಸುಮಾರು 75,000 ಮಂದಿ ನಿಂತಿದ್ದಾರೆ. ಇದು ತಿಳಿಯದೆ ಪೇಡೆ ಹಂಚಿ, ಆಮೇಲೆ ಮಗುವಿನ ಮೇಲೆ ಮುನಿಸಿಕೊಂಡ ಮನೆಗಳನ್ನು ನಾವು ಕಂಡಿದ್ದೇವೆ. ಅದೇ ರೀತಿ ಸಿ.ಬಿ.ಎಸ್.ಇ.ಯ ಎ-1 ದರ್ಜೆಗೂ ಇಂತಿಷ್ಟೇ ಅಂಕವೆಂಬ ಗೊತ್ತಿಲ್ಲ. ಆ ವಿಷಯದಲ್ಲಿ ಪಾಸಾದವರನ್ನು ಸಾಲಾಗಿ ನಿಲ್ಲಿಸಿ ಮೇಲಿನ ಎಂಟನೆಯ ಒಂದು ಪಾಲಿಗೆ ಅದನ್ನು ಕೊಡುತ್ತಾರೆ.

ಆದ್ದರಿಂದ ಹನ್ನೊಂದನೆಯ ತರಗತಿಯ ಆರಂಭದಲ್ಲಿಯೇ ಮಗು ಮೂರು ಬಾಗಿಲುಗಳನ್ನು ಆರಿಸಿಕೊಳ್ಳಲಿ: ಎತ್ತರದ್ದೊಂದು, ಎದುರಿನದೊಂದು, ಖಂಡಿತ ತೆರೆಯುವುದೊಂದು. ಒಂದೊಂದರ ಪಕ್ಕದಲ್ಲಿಯೂ ಅದು ಯಾವ ಪರೀಕ್ಷೆಯ ಯಾವ ಸಂಖ್ಯೆಯನ್ನು ಕೇಳುತ್ತದೆಂದು ಬರೆಯಲಿ. ವಿಷಯಗಳ ಆಯ್ಕೆಯೂ ಇದರೊಡನೆ ಕೂಡಿಯೇ ಆಗಬೇಕು. ಗಣಿತವನ್ನು ಬಿಟ್ಟ ಹುಡುಗಿ, ದೆಹಲಿ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಆನರ್ಸ್ ಓದಬೇಕೆಂದು ಹನ್ನೆರಡನೆಯ ತರಗತಿಯ ಕೊನೆಗೆ ಹೊರಟರೆ ಬಾಗಿಲು ಮುಚ್ಚಿರುತ್ತದೆ. ಮೂರನೆಯ ಬಾಗಿಲು ಮಗುವಿಗೆ ನಿಜವಾಗಿ ಒಪ್ಪಿಗೆಯಾದದ್ದಾಗಿರಬೇಕು ಎಂಬುದನ್ನೂ ಮರೆಯಬಾರದು. ಶಿಕ್ಷೆಯೆಂದು ಇಟ್ಟ ಬಾಗಿಲಿನಲ್ಲಿ ಯಾರೂ ಸಂತೋಷದಿಂದ ಒಳಹೋಗುವುದಿಲ್ಲ.

ಹೊರನಾಡಿನವರ ತೊಡಕು

ಮೇಲೆ ಹೇಳಿದ್ದು ಎಲ್ಲರಿಗೂ ಸಲ್ಲುವ ಮಾತು. ಊರು ಬಿಟ್ಟು ಬಂದ ನಮ್ಮಂಥವರಿಗೆ ಇದರ ಮೇಲೆ ಕೆಲವು ತೊಡಕುಗಳಿವೆ.

ಮೊದಲನೆಯದು, "ನಮ್ಮ ರಾಜ್ಯ" ಯಾವುದು ಎಂಬ ಪ್ರಶ್ನೆ. ನಮಗೆ ಉತ್ತರ ಗೊತ್ತು. ಅರ್ಜಿಯ ಫಾರಮ್ಮಿಗೆ ಗೊತ್ತಿರುವ ಉತ್ತರ ಬೇರೆ. ಎನ್.ಐ.ಟಿ.ಗಳಲ್ಲಿ ಅರ್ಧದಷ್ಟು ಸ್ಥಾನಗಳು ಆಯಾ ರಾಜ್ಯದವರಿಗೆ. ಇಲ್ಲಿ ರಾಜ್ಯವೆಂದರೆ ಹನ್ನೆರಡನೆಯ ತರಗತಿಯನ್ನು ಪಾಸು ಮಾಡಿದ ರಾಜ್ಯ. ತಂದೆಯ ಹುಟ್ಟೂರಲ್ಲ, ಮನೆಮಾತೂ ಅಲ್ಲ. 1960ರಲ್ಲಿ ಸ್ಥಾಪನೆಯಾದ ಸುರತ್ಕಲ್ಲಿನ ಕಾಲೇಜು ಇಂದು ಎನ್.ಐ.ಟಿ. ಅಜ್ಜಿಯ ಮನೆಯ ಅಂಗಳದಿಂದ ಅದರ ದೀಪ ಕಾಣುತ್ತಿದ್ದರೂ, ಮುಂಬಯಿಯಲ್ಲಿ ಹನ್ನೆರಡನೆಯದನ್ನು ಮುಗಿಸಿದ ಮೊಮ್ಮಗ ಅಲ್ಲಿ ಹೊರರಾಜ್ಯದವನು. ಸ್ವರಾಜ್ಯದ ಪಾಲು ಅವನಿಗೆ ನಾಗಪುರದಲ್ಲಿ. ಇದು ಅನ್ಯಾಯವೆಂದು ಕೆಲವರು ಕೊರಗುತ್ತಾರೆ. ಮಗ ಓದಿದ ನೆಲವೇ ಅವನಿಗೆ ಒಂದು ಹಕ್ಕನ್ನು ಕೊಟ್ಟಿದೆಯೆಂದೂ ನೋಡಬಹುದು.

ವೈದ್ಯವಿದ್ಯೆಯಲ್ಲಿ ಸರ್ಕಾರಿ ಕಾಲೇಜುಗಳ ಎಂ.ಬಿ.ಬಿ.ಎಸ್. ಸ್ಥಾನಗಳಲ್ಲಿ ನೂರಕ್ಕೆ 15 ಇಡೀ ದೇಶದವರಿಗೆ. ಉಳಿದ 85 ಆಯಾ ರಾಜ್ಯದ ನಿಯಮದಂತೆ. ಮಹಾರಾಷ್ಟ್ರದಲ್ಲಿ ಡೊಮಿಸೈಲ್ ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ 15 ವರ್ಷಗಳ ವಾಸದ ದಾಖಲೆ ಬೇಕು. ಬಾಡಿಗೆಯ ಮನೆಗಳನ್ನು ನಾಲ್ಕೈದು ಸಲ ಬದಲಾಯಿಸಿದವರು ಆ ದಾಖಲೆಗಳನ್ನು ಕೂಡಿಸುವುದು ಒಂದು ವಾರದ ಕೆಲಸವಲ್ಲ. ಒಂದು ರಾಜ್ಯದಲ್ಲಿ ಪಡೆದ ಜಾತಿ ಪ್ರಮಾಣಪತ್ರವು ವಲಸೆ ಹೋದ ಇನ್ನೊಂದು ರಾಜ್ಯದ ಮೀಸಲಾತಿಗೆ ಸಾಮಾನ್ಯವಾಗಿ ನಡೆಯುವುದಿಲ್ಲ. ಪರಿಶಿಷ್ಟರ ವಿಷಯದಲ್ಲಿ ಸುಪ್ರೀಂ ಕೋರ್ಟು 1990ರಲ್ಲಿಯೇ ಹೀಗೆ ತೀರ್ಪು ಕೊಟ್ಟಿದೆ. ಹಾಗೆಂದು ಯಾವ ಪ್ರಮಾಣಪತ್ರ ಎಲ್ಲಿ ನಡೆಯುತ್ತದೆಂಬುದನ್ನು ಊಹೆಗೆ ಬಿಡದೆ, ಕೇಂದ್ರದ ಸ್ಥಾನಗಳಿಗೆ ಬೇರೆ, ರಾಜ್ಯದ ಸ್ಥಾನಗಳಿಗೆ ಬೇರೆ ಎಂದು ವಿಚಾರಿಸಿಕೊಳ್ಳಬೇಕು.

ಎರಡನೆಯದು ನಮ್ಮ ಹೆಸರು. ಊರಿನಲ್ಲಿ ನಮಗೆ ಇನಿಷಿಯಲ್ಲುಗಳು ಸಾಕು. ಒಂದು ಅಕ್ಷರ ಊರಿನದು, ಒಂದು ತಂದೆಯದು. ಮಹಾರಾಷ್ಟ್ರದ ಶಾಲೆಯಲ್ಲಿ ಮೊದಲು ಮನೆತನದ ಹೆಸರು, ಆಮೇಲೆ ಮಗುವಿನದು, ಆಮೇಲೆ ತಂದೆಯದು. ಹೀಗಾಗಿ ಹತ್ತನೆಯ ತರಗತಿಯ ಸರ್ಟಿಫಿಕೇಟಿನಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು, ಜನನಪತ್ರದಲ್ಲಿ ಅಜ್ಜ ಬರೆಸಿದ ಮೂರನೆಯದು. ಪರೀಕ್ಷೆಯ ಅರ್ಜಿಯನ್ನು ತುಂಬುವ ರಾತ್ರಿ ಇದು ಬೆಳಕಿಗೆ ಬಂದರೆ ತಿದ್ದಿಸುವ ಹೊತ್ತೆಲ್ಲಿ? ಹನ್ನೊಂದನೆಯ ತರಗತಿಯ ದೀಪಾವಳಿಯ ರಜೆಯಲ್ಲಿ ಎಲ್ಲ ಕಾಗದಗಳನ್ನೂ ಒಂದು ಚಾಪೆಯ ಮೇಲೆ ಹರಡಿ ಅಕ್ಷರ ಅಕ್ಷರ ಹೋಲಿಸಿ ನೋಡುವುದು ಒಳ್ಳೆಯದು. ಹನ್ನೆರಡನೆಯ ವರ್ಷ ಅದಕ್ಕೆ ಬಿಡುವಿರುವುದಿಲ್ಲ: ಜೆಇಇ ಮೇನಿನ ಮೊದಲ ಸರದಿ ಜನವರಿಯಲ್ಲಿ, ಅದರ ಅರ್ಜಿ ಅದಕ್ಕೂ ಮೊದಲು, ಫೆಬ್ರವರಿಯಿಂದ ಬೋರ್ಡ್ ಪರೀಕ್ಷೆ, ಏಪ್ರಿಲಿನಲ್ಲಿ ಜೆಇಇಯ ಎರಡನೆಯ ಸರದಿ, ಆಮೇಲೆ ನೀಟ್, ಸಿಯುಇಟಿಗಳು. ಒಂದರ ಬೆನ್ನ ಮೇಲೆ ಒಂದು ಬರುತ್ತವೆ.

ಕನ್ನಡದ ಒಂದು ಪರೀಕ್ಷೆ

ಇನ್ನೊಂದು ವಿಷಯವನ್ನು ನಮ್ಮ ಸಂಘದ ಸಭೆಗಳಲ್ಲಿ ಹೇಳಿದಾಗಲೆಲ್ಲ ಕೆಲವರು ಹುಬ್ಬೇರಿಸಿದ್ದಾರೆ. ಕರ್ನಾಟಕದ ಸಿಇಟಿಯ ಮೂಲಕ ಸರ್ಕಾರಿ ಸ್ಥಾನ ಪಡೆಯಲು ಸಾಮಾನ್ಯ ನಿಯಮ, ಆ ರಾಜ್ಯದಲ್ಲಿ ಕನಿಷ್ಠ 7 ವರ್ಷ ಓದಿರಬೇಕೆಂಬುದು. ನಮ್ಮ ಮಕ್ಕಳಲ್ಲಿ ಹೆಚ್ಚಿನವರಿಗೆ ಅದಿಲ್ಲ. ಆದರೆ ಹೊರನಾಡ ಕನ್ನಡಿಗರು, ಗಡಿನಾಡ ಕನ್ನಡಿಗರು ಎಂಬ ಪ್ರತ್ಯೇಕ ವಿಭಾಗಗಳೂ ಆ ನಿಯಮಗಳಲ್ಲಿವೆ; ಕನ್ನಡ, ತುಳು, ಕೊಡವ ಮನೆಮಾತಿನವರಿಗಾಗಿ ಇಟ್ಟವು. ಗಡಿನಾಡೆಂದರೆ ಕಾಸರಗೋಡು, ಮಂಜೇಶ್ವರ, ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜದಂಥ ತಾಲ್ಲೂಕುಗಳು. ಷರತ್ತುಗಳು ಹಲವು; ಆಯಾ ವರ್ಷದ ಕೈಪಿಡಿಯನ್ನು ಓದಿಯೇ ತಿಳಿಯಬೇಕು.

ಈ ವಿಭಾಗಗಳಲ್ಲಿ ಅರ್ಜಿ ಹಾಕಿದವರಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಒಂದು ಕನ್ನಡ ಭಾಷಾ ಪರೀಕ್ಷೆಯನ್ನು ನಡೆಸುತ್ತದೆ. ಅದರ ಮಟ್ಟ ನಾಲ್ಕನೆಯ ತರಗತಿಯದು. ಭೌತಶಾಸ್ತ್ರ, ಗಣಿತಗಳಲ್ಲಿ ಹುಲಿಯಾದ ಹುಡುಗ, ಮನೆಯಲ್ಲಿ ಸರಾಗವಾಗಿ ಕನ್ನಡ ಆಡುವ ಹುಡುಗ, ನಾಲ್ಕನೆಯ ತರಗತಿಯ ಕನ್ನಡ ಪುಸ್ತಕವನ್ನು ಓದಲಾರದೆ ಹೋದರೆ ತಪ್ಪು ಅವನದಲ್ಲ. ಅದಕ್ಕೆ ಸಂಜೆ ಹತ್ತು ನಿಮಿಷ ಬೇಕಾಗಿತ್ತು, ನಾವು ಕೊಡಲಿಲ್ಲ.

ಲಾಭಕ್ಕಾಗಿಯೇ ಕನ್ನಡ ಕಲಿಸಬೇಕೆಂದು ನಾವು ಹೇಳುತ್ತಿಲ್ಲ. ಅಕ್ಷರ ಗೊತ್ತಿದ್ದರೆ ಅಜ್ಜನ ಕಾಗದವನ್ನು ಓದಬಹುದು, ಈ ಪತ್ರಿಕೆಯನ್ನೂ ಓದಬಹುದು. ಅದೇ ಸಾಕಾದ ಲಾಭ. ಆದರೆ "ಕನ್ನಡ ಓದಿ ಏನು ಬರುತ್ತದೆ?" ಎಂದು ಕೇಳುವವರಿಗೆ ಒಂದು ಉತ್ತರ ಇಲ್ಲಿದೆ. ಸಿಯುಇಟಿಯಲ್ಲಿಯೂ ಕನ್ನಡ 13 ಭಾಷೆಗಳಲ್ಲೊಂದು. ನೀಟ್ 2017ರಿಂದಲೂ ಜೆಇಇ ಮೇನ್ 2021ರಿಂದಲೂ ಕನ್ನಡದಲ್ಲಿ ಪ್ರಶ್ನಪತ್ರಿಕೆ ಕೊಡುತ್ತಿವೆ. ಇವೆರಡರಲ್ಲಿ ಆ ಸೌಕರ್ಯ ಕರ್ನಾಟಕದ ಪರೀಕ್ಷಾಕೇಂದ್ರಗಳಿಗೆ ಮಾತ್ರ ಎಂಬುದನ್ನು ಹೊರನಾಡಿನವರು ಗಮನದಲ್ಲಿಡಬೇಕು.

ಫಲಿತಾಂಶದ ದಿನ

ನಮ್ಮ ಮಗಳ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆವು. ಹನ್ನೆರಡನೆಯ ತರಗತಿಯಲ್ಲಿ ಅವಳಿಗೆ 84 ಬಂತು. ಎತ್ತರದ ಬಾಗಿಲು ತೆರೆಯಲಿಲ್ಲ; ರ‍್ಯಾಂಕು ಸಾಲಲಿಲ್ಲ. ಎರಡನೆಯದು, ರಾಜ್ಯದ ಸಿಇಟಿಯದು, ತೆರೆಯಿತು. ಅಂದು ಮಧ್ಯಾಹ್ನ ಊರಿನಿಂದ, ನೆರೆಯಿಂದ ಫೋನುಗಳು ಬಂದವು. "ಎಷ್ಟು?" ಎಂದು ಕೇಳಿದವರಿಗೆ ಅವಳೇ ಎತ್ತಿಕೊಂಡು "ಎಂಬತ್ತನಾಲ್ಕು, ಅತ್ತೆ" ಎಂದು ಹೇಳಿದಳು. ದನಿಯಲ್ಲಿ ಅಳುಕಿರಲಿಲ್ಲ. ಸ್ವಲ್ಪ ಬೇಸರವಿತ್ತು, ಇರಬೇಕಾದದ್ದೇ. ಬೇಸರವನ್ನು ಮುಚ್ಚಿಡಲಿಲ್ಲ ಎಂಬುದೇ ನಮಗೆ ಸಮಾಧಾನ.

95 ಎಂಬ ಚೀಟಿ ಕಪಾಟಿನ ಮೇಲೆಯೇ ಉಳಿದಿದ್ದರೆ ಅದೇ 84 ನಮ್ಮ ಮನೆಯಲ್ಲಿ ಸೋಲಾಗುತ್ತಿತ್ತು. 70ಕ್ಕೆ 43ರಿಂದ ಹತ್ತಿಬಂದ ಹುಡುಗಿಯನ್ನು ನಾವೇ ಕೆಳಗೆ ಬಿದ್ದವಳೆಂದು ಕರೆಯುತ್ತಿದ್ದೆವು. ಇದನ್ನು ನೆನೆದರೆ ಇಂದಿಗೂ ನಮಗೆ ನಾಚಿಕೆಯಾಗುತ್ತದೆ.

ಊರು ಬಿಟ್ಟು ಬಂದವರ ಆಸೆ ದೊಡ್ಡದು. ಎರಡು ಕೋಣೆಯ ಮನೆ, ಎರಡು ಗಂಟೆಯ ಲೋಕಲ್ ಪ್ರಯಾಣ, ತಿಂಗಳ ಕೊನೆಯ ಲೆಕ್ಕ, ಇವೆಲ್ಲಕ್ಕೂ ಉತ್ತರ ಮಕ್ಕಳ ಅಂಕದಲ್ಲಿ ಸಿಗಬೇಕೆಂದು ನಾವು ಬಯಸುತ್ತೇವೆ. ಬಯಸುವುದು ತಪ್ಪಲ್ಲ. ಆದರೆ ಆ ಆಸೆಯ ಭಾರವನ್ನು ಹೊರಬೇಕಾದವರು ನಾವು; ಅದನ್ನು ಸಂಖ್ಯೆಯಾಗಿ ಬರೆದು ಹದಿನಾರು ವರ್ಷದ ಮಗುವಿನ ಎದುರಿಗೆ ಅಂಟಿಸುವಂತಿಲ್ಲ. ಬಾಗಿಲು ಏನು ಕೇಳುತ್ತದೆಂದು ತಿಳಿದುಕೊಡುವುದು, ಕಾಗದಪತ್ರ ಕೂಡಿಸುವುದು, ಗಡಿಯಾರ ಹಿಡಿದು ಪಕ್ಕದಲ್ಲಿ ಕೂರುವುದು, ಹೊತ್ತಿಗೆ ಸರಿಯಾಗಿ ಮಲಗಿಸುವುದು, ಇಷ್ಟು ನಮ್ಮ ಪಾಲು. ಗುರಿಯ ಅಂಕವನ್ನು ಬರೆಯುವ ಕೈ ಮಗುವಿನದಾಗಿರಲಿ.

ಈ ಜೂನ್ ತಿಂಗಳಲ್ಲಿ ನಮ್ಮ ಕಿರಿಯ ಮಗ ಹನ್ನೊಂದನೆಯ ತರಗತಿ ಸೇರಿದ. ಅಕ್ಕ ಬಳಸುತ್ತಿದ್ದ ನಾಲ್ಕು ಮನೆಯ ನೋಟುಪುಸ್ತಕವನ್ನು ಕೇಳಿ ಪಡೆದಿದ್ದಾನೆ. ಮೊದಲ ಕಿರುಪರೀಕ್ಷೆಯಲ್ಲಿ ರಸಾಯನಶಾಸ್ತ್ರದಲ್ಲಿ 25ಕ್ಕೆ 11. ಸಂಜೆ ಮನೆಗೆ ಬಂದವನೇ ಉತ್ತರಪತ್ರಿಕೆಯನ್ನು ಊಟದ ಮೇಜಿನ ಮೇಲೆ, ಎಲ್ಲರಿಗೂ ಕಾಣುವಂತೆ, ಇಟ್ಟು ಕೈಕಾಲು ತೊಳೆಯಲು ಹೋದ.